ಕೋಡ್ ಓಡುತ್ತದೆ, ಉತ್ತರ ಮಾತ್ರ ತಪ್ಪು: ಸಿಮ್ಯುಲೇಶನ್‌ನಲ್ಲಿ ದೋಷ ಹುಡುಕುವ ಬಗೆ

ಪ್ರೋಗ್ರಾಂ ಎರರ್ ಕೊಟ್ಟು ನಿಂತುಬಿಟ್ಟರೆ ಅದು ಪುಣ್ಯ. ಯಾವ ಸಾಲಿನಲ್ಲಿ ಏನು ಎಡವಟ್ಟಾಯ್ತು ಅಂತ ಕಂಪ್ಯೂಟರೇ ಹೇಳುತ್ತದೆ. ನಿಜವಾದ ತಲೆನೋವು ಬೇರೆ ಥರದ್ದು. ಕೋಡ್ ಸಲೀಸಾಗಿ ಓಡುತ್ತದೆ, ಗ್ರಾಫ್ ಬರುತ್ತದೆ, ನೋಡಲೂ ಚೆನ್ನಾಗಿರುತ್ತದೆ. ಆದರೆ ಭೂಮಿ ಸೂರ್ಯನ ಸುತ್ತ ಸುತ್ತುವ ಬದಲು ಸುರುಳಿ ಸುರುಳಿಯಾಗಿ ಆಚೆ ಹೊರಟಿರುತ್ತದೆ.

ವಿಜ್ಞಾನದ ಲೆಕ್ಕಗಳನ್ನು ಪೈಥಾನ್‌ನಲ್ಲಿ ಬರೆಯಲು ಈಗಷ್ಟೇ ಶುರು ಮಾಡಿದವರಿಗೆ ಈ ಬರಹ. ನಮ್ಮಲ್ಲಿ ಎಂಜಿನಿಯರಿಂಗ್ ಓದಿದ ಹೆಚ್ಚಿನವರು ವಿಟಿಯು ಗಣಿತ ಪೇಪರಿಗಾಗಿ ರುಂಗೆ-ಕುಟ್ಟಾ ಲೆಕ್ಕ, ಅಂದರೆ ಬದಲಾವಣೆಯ ಸಮೀಕರಣವನ್ನು ಸಣ್ಣ ಸಣ್ಣ ಹೆಜ್ಜೆ ಹಾಕುತ್ತಾ ಬಿಡಿಸುವ ಲೆಕ್ಕ, ಮಾಡಿಯೇ ಇರುತ್ತಾರೆ. ಕೆ1, ಕೆ2, ಕೆ3, ಕೆ4 ಅಂತ ಕ್ಯಾಲ್ಕುಲೇಟರ್ ಒತ್ತಿ, ನಾಲ್ಕು ದಶಾಂಶಕ್ಕೆ ಉತ್ತರ ಬರೆದು ಮಾರ್ಕ್ಸ್ ತಗೊಂಡಿರುತ್ತಾರೆ. ಆದರೆ ಅಲ್ಲಿ ಇರುವುದು ಒಂದೋ ಎರಡೋ ಹೆಜ್ಜೆ. ತಪ್ಪು ಬೆಳೆಯಲು ಜಾಗವೇ ಇಲ್ಲ. ಕಂಪ್ಯೂಟರ್ ಹತ್ತು ಸಾವಿರ ಹೆಜ್ಜೆ ಹಾಕುತ್ತದೆ. ಪರೀಕ್ಷೆಯಲ್ಲಿ ಎಂದೂ ಕಾಣದ ರೋಗಗಳು ಹೊರಗೆ ಬರುವುದು ಆಗ.

ಮೊದಲು ಹೆಜ್ಜೆ ಅರ್ಧ ಮಾಡಿ

ಉತ್ತರ ತಪ್ಪು ಅನ್ನಿಸಿದ ಕೂಡಲೇ ಕೋಡನ್ನು ಸಾಲು ಸಾಲಾಗಿ ಓದಲು ಕೂರಬೇಡಿ. ಯಾವ ಥರದ ತಪ್ಪು ಅಂತ ಗೊತ್ತಿಲ್ಲದೆ ಓದಿದರೆ ಎಲ್ಲ ಸಾಲೂ ಸರಿಯಾಗೇ ಕಾಣುತ್ತದೆ. ಹೆಜ್ಜೆಯ ಗಾತ್ರವನ್ನು, ಅಂದರೆ ಲೆಕ್ಕ ಒಂದು ಸಲಕ್ಕೆ ಮುಂದೆ ಸರಿಯುವ ಕಾಲವನ್ನು, ಅರ್ಧ ಮಾಡಿ ಮತ್ತೊಮ್ಮೆ ಓಡಿಸಿ. ತಪ್ಪು ಎಷ್ಟು ಬದಲಾಯಿತು ಅಂತ ನೋಡಿ. ಮುಂದೆ ಹೇಳುವ ಮೂರು ಸಂಗತಿಗಳಲ್ಲಿ ಯಾವುದಾದರೂ ಒಂದು ನಡೆಯುತ್ತದೆ.

ತಪ್ಪು ಲೆಕ್ಕಕ್ಕೆ ಸರಿಯಾಗಿ ಇಳಿದರೆ ಕೋಡ್ ಸರಿ ಇದೆ, ಆರಿಸಿಕೊಂಡ ವಿಧಾನದ ಶಕ್ತಿಯೇ ಅಷ್ಟು. ತಪ್ಪು ಅಲುಗಾಡದಿದ್ದರೆ ಭೌತಶಾಸ್ತ್ರದಲ್ಲೋ, ಮಾನಗಳಲ್ಲೋ, ಸಮೀಕರಣ ಟೈಪ್ ಮಾಡಿದ್ದರಲ್ಲೋ ತಪ್ಪಿದೆ. ಅರ್ಧ ಮಾಡಿದಾಗ ತಪ್ಪು ಜಾಸ್ತಿಯಾದರೆ ಅಥವಾ ಹುಚ್ಚುಹುಚ್ಚಾಗಿ ಕುಣಿದರೆ ಹೆಜ್ಜೆಗಳ ಎಣಿಕೆಯನ್ನೋ ದಶಾಂಶಗಳ ನಷ್ಟವನ್ನೋ ಅನುಮಾನಿಸಿ.

"ಲೆಕ್ಕಕ್ಕೆ ಸರಿಯಾಗಿ" ಅಂದರೆ ಎಷ್ಟು? ಈಗಿನ ದರದಲ್ಲೇ ನೆಟ್ಟಗೆ ಒಂದು ಹೆಜ್ಜೆ ಹಾಕುವ ಸರಳ ಆಯ್ಲರ್ ವಿಧಾನಕ್ಕೆ ತಪ್ಪು ಅರ್ಧವಾಗಬೇಕು. ಲೀಪ್‌ಫ್ರಾಗ್ (ಮುಂದೆ ಬರುತ್ತದೆ) ಅಥವಾ ಮಾಡಿಫೈಡ್ ಆಯ್ಲರ್ ಆದರೆ ನಾಲ್ಕನೇ ಒಂದು ಭಾಗ. ನಾಲ್ಕನೇ ದರ್ಜೆಯ ರುಂಗೆ-ಕುಟ್ಟಾಕ್ಕೆ 16ನೇ ಒಂದು ಭಾಗ. ಈ 2, 4, 16 ಅನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ.

ನಿಜವಾದ ಉತ್ತರವೇ ಗೊತ್ತಿಲ್ಲದಿದ್ದರೆ? ಪೂರ್ತಿ ಹೆಜ್ಜೆ, ಅರ್ಧ ಹೆಜ್ಜೆ, ಕಾಲು ಹೆಜ್ಜೆ ಅಂತ ಮೂರು ಸಲ ಓಡಿಸಿ. ಮೊದಲ ಎರಡರ ವ್ಯತ್ಯಾಸವನ್ನು ಕೊನೆಯ ಎರಡರ ವ್ಯತ್ಯಾಸದಿಂದ ಭಾಗಿಸಿ. ಅದೇ 2, 4 ಅಥವಾ 16ರ ಹತ್ತಿರ ಬರಬೇಕು. ಉತ್ತರ ಗೊತ್ತಿಲ್ಲದೆಯೇ ವಿಧಾನದ ನಾಡಿ ಹಿಡಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಭೂಮಿ ಆಚೆ ಹೋಗುತ್ತಿದೆ

ದೂರವನ್ನು ಖಗೋಳ ಮಾನದಲ್ಲಿ, ಅಂದರೆ ಭೂಮಿ-ಸೂರ್ಯರ ದೂರವನ್ನು 1 ಅಂತ ಇಟ್ಟುಕೊಳ್ಳೋಣ. ಕಾಲ ವರ್ಷಗಳಲ್ಲಿ. ಆಗ ಸೂರ್ಯನ ಗುರುತ್ವದ ಸ್ಥಿರಾಂಕ 4 × ಪೈ × ಪೈ, ಅಂದರೆ 39.478. ಭೂಮಿ ಶುರುವಾಗುವುದು (1, 0)ಯಲ್ಲಿ. ವೇಗ ಮೇಲ್ಮುಖವಾಗಿ 2 × ಪೈ, ಅಂದರೆ 6.2832. ಒಂದು ಕಿಲೋ ದ್ರವ್ಯರಾಶಿಗೆ ಒಟ್ಟು ಶಕ್ತಿ ಲೆಕ್ಕ ಹಾಕಿದರೆ −19.739 ಬರುತ್ತದೆ. ಇದು ಬದಲಾಗಬಾರದು. ಹೊರಗಿನಿಂದ ಯಾರೂ ಭೂಮಿಯನ್ನು ತಳ್ಳುತ್ತಿಲ್ಲ ಅಲ್ವಾ.

ಈಗ ಆಯ್ಲರ್ ವಿಧಾನದಲ್ಲಿ 0.01 ವರ್ಷದ ಒಂದೇ ಒಂದು ಹೆಜ್ಜೆ ಕೈಯಲ್ಲೇ ಹಾಕಿ. ಹಳೆಯ ವೇಗದಿಂದ ಹೊಸ ಜಾಗ: (1, 0.0628). ಹಳೆಯ ಜಾಗದ ವೇಗೋತ್ಕರ್ಷದಿಂದ ಹೊಸ ವೇಗ: (−0.3948, 6.2832). ಜಾಗವನ್ನು ನೋಡಿ. ಭೂಮಿ ವೃತ್ತ ಬಿಟ್ಟು ಸ್ಪರ್ಶರೇಖೆಯ ಗುಂಟ ನೆಟ್ಟಗೆ ಹೋಗಿದೆ. ದೂರ 1.00197 ಆಗಿದೆ. ವೇಗವೂ ಚೂರು ಜಾಸ್ತಿಯಾಗಿದೆ. ಶಕ್ತಿ ಎಷ್ಟು? −19.584. ಒಂದೇ ಹೆಜ್ಜೆಗೆ 0.156 ಏರಿತು, ಹತ್ತಿರ ಹತ್ತಿರ ಶೇಕಡಾ 0.8. ಮುಂದಿನ ಹೆಜ್ಜೆಯಲ್ಲೂ ಹಾಗೇ, ಅದರ ಮುಂದಿನದರಲ್ಲೂ ಹಾಗೇ. ಯಾವ ಹೆಜ್ಜೆಯೂ ಶಕ್ತಿಯನ್ನು ವಾಪಸ್ ಕೊಡುವುದಿಲ್ಲ. ಸುರುಳಿ ಆಗದೆ ಇನ್ನೇನಾಗುತ್ತದೆ?

ಹೆಜ್ಜೆಯನ್ನು 0.005 ಮಾಡಿದರೆ ಪ್ರತಿ ಹೆಜ್ಜೆಯ ಏರಿಕೆ ಕಾಲು ಭಾಗಕ್ಕೆ ಇಳಿಯುತ್ತದೆ, ಆದರೆ ಹೆಜ್ಜೆಗಳು ಎರಡು ಪಟ್ಟು. ಒಟ್ಟು ತಪ್ಪು ಅರ್ಧ. ಹಾಗಾಗಿ ಕೋಡ್‌ನಲ್ಲಿ ದೋಷವಿಲ್ಲ. ಆಯ್ಲರ್ ಈ ವಿಧಾನವನ್ನು ಪ್ರಕಟಿಸಿದ್ದು 1768ರಲ್ಲಿ. ಕಲಿಯಲು ಚೆನ್ನ, ಕಕ್ಷೆಗೆ ಬೇಡ.

ಪರಿಹಾರ ಆಶ್ಚರ್ಯ ಹುಟ್ಟಿಸುವಷ್ಟು ಸಣ್ಣದು. ಎರಡು ಸಾಲುಗಳನ್ನು ಅದಲುಬದಲು ಮಾಡಿ. ಮೊದಲು ವೇಗ ಬದಲಿಸಿ, ಆಮೇಲೆ ಆ ಹೊಸ ವೇಗದಿಂದ ಜಾಗ ಬದಲಿಸಿ. ವೇಗ ಅದೇ (−0.3948, 6.2832). ಜಾಗ ಮಾತ್ರ ಈಗ (0.99605, 0.0628). ಶಕ್ತಿ ಲೆಕ್ಕ ಹಾಕಿ: −19.7391. ಶುರುವಿನಲ್ಲಿ ಇದ್ದದ್ದು −19.7392. ಇದಕ್ಕೆ ಸಿಂಪ್ಲೆಕ್ಟಿಕ್ ಆಯ್ಲರ್ ಅನ್ನುತ್ತಾರೆ. ಇದೂ ಮೊದಲ ದರ್ಜೆಯ, ಅಂದರೆ ಹೆಜ್ಜೆ ಅರ್ಧ ಮಾಡಿದರೆ ತಪ್ಪೂ ಅರ್ಧವಾಗುವ ವಿಧಾನವೇ, ಜಾಗದಲ್ಲಿ ತಪ್ಪು ಇದ್ದೇ ಇರುತ್ತದೆ. ಆದರೆ ಶಕ್ತಿ ಒಂದೇ ದಿಕ್ಕಿಗೆ ಜಾರುವುದಿಲ್ಲ. ಚೂರು ಮೇಲೆ, ಚೂರು ಕೆಳಗೆ ಆಡುತ್ತಾ ಅಲ್ಲೇ ಇರುತ್ತದೆ.

ಇನ್ನೂ ನಿಖರತೆ ಬೇಕಿದ್ದರೆ ಲೀಪ್‌ಫ್ರಾಗ್. ಅರ್ಧ ಹೆಜ್ಜೆ ವೇಗ, ಪೂರ್ತಿ ಹೆಜ್ಜೆ ಜಾಗ, ಮತ್ತೆ ಅರ್ಧ ಹೆಜ್ಜೆ ವೇಗ. ಅಣುಗಳ ಚಲನೆಯ ಲೆಕ್ಕದಲ್ಲಿ ಇದೇ ವಿಧಾನದ ರೂಪಕ್ಕೆ ವರ್ಲೆ ಹೆಸರಿದೆ. ಲೂಪ್ ವರ್ಲೆ ಅದನ್ನು ಬಳಸಿ ಪ್ರಕಟಿಸಿದ್ದು 1967ರಲ್ಲಿ. "ನಾಲ್ಕನೇ ದರ್ಜೆಯ ರುಂಗೆ-ಕುಟ್ಟಾ ಇದಕ್ಕಿಂತ ಒಳ್ಳೆಯದಲ್ವಾ?" ಅಂತ ಕೇಳುವವರಿದ್ದಾರೆ. ಕೆಲವು ಸುತ್ತುಗಳ ಮಟ್ಟಿಗೆ ಹೌದು. ಆದರೆ ಅದರಲ್ಲಿ ಶಕ್ತಿ ಬಹಳ ನಿಧಾನವಾಗಿ ಒಂದೇ ಕಡೆಗೆ ಜಾರುತ್ತದೆ. ಲಕ್ಷ ಸುತ್ತು ಓಡಿಸುವುದಿದ್ದರೆ ನಾನು ಲೀಪ್‌ಫ್ರಾಗ್ ಕಡೆಗೇ.

ಹೆಜ್ಜೆ ಅರ್ಧ ಮಾಡಿದರೂ ತಪ್ಪು ಅಲ್ಲೇ ಇದೆ

ಈಗ ಕೋಡ್ ಓದುವ ಸಮಯ. ಮೊದಲ ಅನುಮಾನ ಮಾನಗಳ ಮೇಲೆ. ನಾಸಾದ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್‌ನಲ್ಲಿ ಮಂಗಳನ ಬಳಿ ಕೈತಪ್ಪಿ ಹೋದದ್ದು ಇಂಥದ್ದೇ ಕಾರಣಕ್ಕೆ. ಒಂದು ಸಾಫ್ಟ್‌ವೇರ್ ಪೌಂಡ್-ಸೆಕೆಂಡ್ ಲೆಕ್ಕದಲ್ಲಿ ಕೊಟ್ಟದ್ದನ್ನು ಇನ್ನೊಂದು ನ್ಯೂಟನ್-ಸೆಕೆಂಡ್ ಅಂತ ಓದಿತು. ನಡುವೆ 4.45 ಪಟ್ಟು ವ್ಯತ್ಯಾಸ.

ನಮ್ಮ ಭೂಮಿಯ ಲೆಕ್ಕದಲ್ಲಿ ಇದರ ಗುರುತು ಮಜವಾಗಿರುತ್ತದೆ. ದೂರವನ್ನು ಮೀಟರ್‌ನಲ್ಲಿ, 1.496 × 10¹¹ ಅಂತ ಸರಿಯಾಗೇ ಕೊಟ್ಟಿದ್ದೀರಿ. ವೇಗಕ್ಕೆ ಪುಸ್ತಕದಲ್ಲಿದ್ದ 29.8 ಹಾಕಿದ್ದೀರಿ. ಆದರೆ ಅದು ಸೆಕೆಂಡಿಗೆ ಕಿಲೋಮೀಟರ್. ಸೂರ್ಯನ ಎದುರು ಸೆಕೆಂಡಿಗೆ 29.8 ಮೀಟರ್ ವೇಗ ಅಂದರೆ ನಿಂತ ಹಾಗೇ. ಭೂಮಿ ನೇರ ಸೂರ್ಯನೊಳಗೆ ಬೀಳುತ್ತದೆ. ಬೀಳಲು ಹಿಡಿಯುವ ಕಾಲ ವರ್ಷವನ್ನು 4√2ರಿಂದ ಭಾಗಿಸಿದಷ್ಟು, ಸುಮಾರು 64.6 ದಿನ. ನಿಮ್ಮ ಭೂಮಿಯೂ ಎರಡು ತಿಂಗಳು ಚಿಲ್ಲರೆ ದಿನಕ್ಕೆ ಸೂರ್ಯನ ಪಾಲಾಗುತ್ತಿದ್ದರೆ, ವೇಗದಲ್ಲಿ ಒಂದು ಸಾವಿರ ಕಳೆದುಹೋಗಿದೆ. ಹುಡುಕಿ.

ಎರಡನೇ ಅನುಮಾನ ಸಮೀಕರಣದ ಮೇಲೆ. ಇಲ್ಲಿ ಒಂದು ಬಲೆ ಇದೆ. ಗುರುತ್ವ ದೂರದ ವರ್ಗಕ್ಕೆ ವಿಲೋಮ ಅಂತ ಶಾಲೆಯಲ್ಲೇ ಕಲಿತಿರುತ್ತೇವೆ. ಹಾಗಾಗಿ ಬರೆಯುವಾಗ ಜಾಗದ ವೆಕ್ಟರನ್ನು ದೂರದ ವರ್ಗದಿಂದ ಭಾಗಿಸುತ್ತೇವೆ. ಆದರೆ ಆ ವೆಕ್ಟರ್‌ನಲ್ಲಿ ಆಗಲೇ ಒಂದು ದೂರ ಸೇರಿಕೊಂಡಿದೆ. ಭಾಗಿಸಬೇಕಾದದ್ದು ದೂರದ ಘನದಿಂದ. ದೂರ 1 ಇರುವ ವೃತ್ತಾಕಾರದ ಕಕ್ಷೆಯಲ್ಲಿ ಈ ತಪ್ಪು ಗೊತ್ತೇ ಆಗುವುದಿಲ್ಲ. 1ರ ವರ್ಗವೂ 1, ಘನವೂ 1. ವೃತ್ತ ವೃತ್ತವಾಗೇ ಬರುತ್ತದೆ, ಶಕ್ತಿಯೂ ನೆಟ್ಟಗಿರುತ್ತದೆ, ನೀವು ಖುಷಿಯಾಗಿ ಮುಂದೆ ಹೋಗುತ್ತೀರಿ. ವರ್ಷ ಕಳೆದು ಗುರುಗ್ರಹ ಸೇರಿಸಿದಾಗ ಎಲ್ಲ ಹಾಳಾಗುತ್ತದೆ.

ಅದಕ್ಕೇ ವೃತ್ತದಿಂದ ಪರೀಕ್ಷೆ ಮಾಡಬೇಡಿ. ಅದೇ (1, 0)ಯಿಂದ ಹೊರಡಿ, ವೇಗ ಮಾತ್ರ 6.2832ರ ಬದಲು 5 ಕೊಡಿ. ಶಕ್ತಿ 12.5ರಲ್ಲಿ 39.478 ಕಳೆದರೆ −26.978. ಅದರಿಂದ ದೀರ್ಘವೃತ್ತದ ಅರೆ ಉದ್ದ 0.7317. ಕೆಪ್ಲರನ ಮೂರನೇ ನಿಯಮದಂತೆ ಒಂದು ಸುತ್ತಿಗೆ 0.626 ವರ್ಷ. ಸೂರ್ಯನಿಗೆ ಅತಿ ಹತ್ತಿರ ಬರುವಾಗ ದೂರ 0.463. ಈ ಮೂರು ಸಂಖ್ಯೆಗಳೂ ನಿಮ್ಮ ಕೋಡ್‌ನಿಂದ ಬರಬೇಕು, ಕಕ್ಷೆ ಶುರುವಾದ ಜಾಗಕ್ಕೇ ಬಂದು ಮುಚ್ಚಿಕೊಳ್ಳಬೇಕು. ಘನದ ಬದಲು ವರ್ಗ ಇದ್ದರೆ ಮುಚ್ಚಿಕೊಳ್ಳುವುದಿಲ್ಲ. ದೀರ್ಘವೃತ್ತ ತಿರುಗುತ್ತಾ ತಿರುಗುತ್ತಾ ಹೂವಿನ ರಂಗೋಲಿ ಬಿಡಿಸುತ್ತದೆ.

ಲೋಲಕದ ಲೆಕ್ಕದಲ್ಲಿ ಡಿಗ್ರಿ-ರೇಡಿಯನ್ ಗಲಾಟೆಯೂ ಈ ಗುಂಪಿನದೇ. ಸೈನ್ 30 ಅಂತ ಕೇಳಿದರೆ ಪೈಥಾನ್ 0.5 ಕೊಡುವುದಿಲ್ಲ, −0.988 ಕೊಡುತ್ತದೆ.

ಏನೂ ಅಲುಗಾಡುತ್ತಿಲ್ಲ, ಅಥವಾ ಗ್ರಾಫ್‌ನಲ್ಲಿ ಒಂದೇ ಚುಕ್ಕೆ

ಇವು ಗಣಿತದ ತಪ್ಪುಗಳಲ್ಲ, ಭಾಷೆಯ ಚೇಷ್ಟೆಗಳು. ಬೇಗ ಮುಗಿಸೋಣ.

ಸಿ ಅಥವಾ ಫೋರ್ಟ್ರಾನ್‌ನಲ್ಲಿ ರುಂಗೆ-ಕುಟ್ಟಾದ 1/6 ಅನ್ನು ಹಾಗೇ ಬರೆದರೆ ಪೂರ್ಣಾಂಕಗಳ ಭಾಗಾಕಾರವಾಗಿ 0 ಆಗುತ್ತದೆ. ಉತ್ತರ ಶುರುವಿನ ಬೆಲೆಯಲ್ಲೇ ಕೂತಿರುತ್ತದೆ. 1.0/6.0 ಬರೆಯಿರಿ. ಪೈಥಾನ್ 3ರಲ್ಲಿ ಈ ಕಾಟ ಇಲ್ಲ. ಆದರೆ ಅದರ ತಮ್ಮ ಇದ್ದಾನೆ. ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈಯ ಅರೇಯನ್ನು, ಅಂದರೆ ಸಂಖ್ಯೆಗಳ ಸಾಲನ್ನು, ಚುಕ್ಕೆ ಇಲ್ಲದ 1 ಮತ್ತು 0ಯಿಂದ ಮಾಡಿದರೆ ಅದು ಪೂರ್ಣಾಂಕದ ಅರೇ. ಅದರ ಒಂದೊಂದು ಮನೆಗೆ ದಶಾಂಶ ತುಂಬಿದರೆ ಬಾಲ ಕತ್ತರಿಸಿ ಇಟ್ಟುಕೊಳ್ಳುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ನಮ್ಮ ಭೂಮಿಯ ಜಾಗ ಇಂಥ ಅರೇಯಲ್ಲಿದ್ದರೆ ಮೊದಲ ಹೆಜ್ಜೆಗೆ ಅದು ಕದಲುವುದಿಲ್ಲ, ಯಾಕೆಂದರೆ 0.0628 ಹೋಗಿ 0 ಆಯ್ತು. ಎರಡನೇ ಹೆಜ್ಜೆಗೆ 0.996 ಕೂಡ 0 ಆಗುತ್ತದೆ. ಭೂಮಿ ಸೂರ್ಯನ ಮಧ್ಯದಲ್ಲಿ! ಅಲ್ಲಿಂದ ಸೊನ್ನೆಯಿಂದ ಭಾಗಾಕಾರ, ಬರೀ ಅರ್ಥವಿಲ್ಲದ ಸಂಖ್ಯೆಗಳು. 1.0, 0.0 ಅಂತ ಬರೆದರೆ ಮುಗೀತು.

ಒಂದೇ ಚುಕ್ಕೆಯ ಗ್ರಾಫ್‌ಗೆ ಕಾರಣ ಬೇರೆ. ಅರೇಯನ್ನು ಇದ್ದಲ್ಲೇ ಬದಲಿಸುತ್ತಾ, ಪ್ರತಿ ಹೆಜ್ಜೆಗೂ ಅದನ್ನೇ ಪಟ್ಟಿಗೆ ಸೇರಿಸುತ್ತಾ ಹೋದರೆ, ಪಟ್ಟಿಯಲ್ಲಿ ಸಾವಿರ ಸಲ ಇರುವುದು ಒಂದೇ ಅರೇ. ಎಲ್ಲದರಲ್ಲೂ ಕೊನೆಯ ಬೆಲೆ. ಸೇರಿಸುವಾಗ ಕಾಪಿ ಮಾಡಿ ಸೇರಿಸಿ.

ರುಂಗೆ-ಕುಟ್ಟಾ ಆಯ್ಲರ್‌ಗಿಂತ ಕೆಟ್ಟ ಉತ್ತರ ಕೊಡುತ್ತಿದೆ

ಇದನ್ನು ಹಿಡಿಯಲು ಉತ್ತರ ಬಾಯಿಪಾಠ ಇರುವ ಸಮೀಕರಣ ಬೇಕು. ವೈಯ ಬದಲಾವಣೆಯ ದರ ಮೈನಸ್ ವೈಗೆ ಸಮ, ಶುರುವಿನಲ್ಲಿ ವೈ 1. ಕಾಲ 1ರಲ್ಲಿ ಉತ್ತರ 0.367879. ಆಯ್ಲರ್‌ನಲ್ಲಿ 0.1ರ ಹೆಜ್ಜೆ ಹಾಕಿದರೆ 0.9ರ ಹತ್ತನೇ ಘಾತ, 0.348678. ತಪ್ಪು 0.0192. ಹೆಜ್ಜೆ 0.05 ಮಾಡಿದರೆ 0.358486, ತಪ್ಪು 0.0094. ಅರ್ಧ ಆಯ್ತು, ಸರಿ. ಅದೇ 0.1ರ ಹೆಜ್ಜೆಗೆ ರುಂಗೆ-ಕುಟ್ಟಾ 0.3678798 ಕೊಡಬೇಕು. ಆರನೇ ದಶಾಂಶದವರೆಗೆ ತಕರಾರೇ ಇಲ್ಲ.

ಆದರೆ ನಿಮಗೆ 0.33287 ಬಂತು ಅಂದುಕೊಳ್ಳಿ. ಆಯ್ಲರ್‌ನ ತಪ್ಪಿಗಿಂತಲೂ ದೊಡ್ಡ ತಪ್ಪು. ಕೆ1, ಕೆ2ಗಳನ್ನು ಎಷ್ಟು ಸಲ ನೋಡಿದರೂ ಸರಿಯಾಗಿವೆ. ಆಗ ಉತ್ತರದ ಲಾಗರಿದಂ ತೆಗೆದು ನೋಡಿ. −1.1 ಬರುತ್ತದೆ. −1 ಬರಬೇಕಿತ್ತು. ಅಂದರೆ ಪ್ರೋಗ್ರಾಂ ಕಾಲ 1ರಲ್ಲಿ ನಿಲ್ಲದೆ 1.1ರವರೆಗೆ ಹೋಗಿದೆ. ಹತ್ತು ಹೆಜ್ಜೆಯ ಬದಲು ಹನ್ನೊಂದು.

ಯಾಕೆ? ಲೂಪ್ ನೋಡಿ. "ಕಾಲ 1ಕ್ಕಿಂತ ಕಡಿಮೆ ಇರುವವರೆಗೆ" ಅಂತ ಇರುತ್ತದೆ. 0.1 ಅನ್ನು ಹತ್ತು ಸಲ ಕೂಡಿದರೆ ಕಂಪ್ಯೂಟರ್‌ನಲ್ಲಿ 1 ಬರುವುದಿಲ್ಲ, 0.9999999999999999 ಬರುತ್ತದೆ. ಬೈನರಿಯಲ್ಲಿ 0.1 ಮುಗಿಯದ ಭಿನ್ನರಾಶಿ. ಒಂದಕ್ಕಿಂತ ಕೂದಲೆಳೆ ಕಡಿಮೆ, ಹಾಗಾಗಿ ಇನ್ನೊಂದು ಹೆಜ್ಜೆ. ವಿಧಾನ ಎಷ್ಟು ಒಳ್ಳೆಯದಾದರೂ ಕೊನೆಯ ಕ್ಷಣವೇ ತಪ್ಪಿದರೆ ಏನು ಪ್ರಯೋಜನ? ಹೆಜ್ಜೆಗಳನ್ನು ಪೂರ್ಣಾಂಕದಲ್ಲಿ ಎಣಿಸಿ. ಕಾಲವನ್ನು ಕೂಡುತ್ತಾ ಹೋಗಬೇಡಿ, ಹೆಜ್ಜೆಯ ಸಂಖ್ಯೆಯನ್ನು ಹೆಜ್ಜೆಯ ಗಾತ್ರದಿಂದ ಗುಣಿಸಿ ಪಡೆಯಿರಿ.

ಈ 0.1ರ ಕಥೆ ತಮಾಷೆಯಲ್ಲ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಅಮೆರಿಕನ್ ಸೈನಿಕರು ಸತ್ತರು. ಅದು ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗಗಳಲ್ಲಿ ಎಣಿಸಿ 24 ಬಿಟ್‌ಗೆ ಕತ್ತರಿಸಿದ 0.1ರಿಂದ ಗುಣಿಸುತ್ತಿತ್ತು. ಸುಮಾರು 100 ಗಂಟೆ ಬಿಡದೆ ಓಡಿದ ಮೇಲೆ ಗಡಿಯಾರ 0.34 ಸೆಕೆಂಡ್ ತಪ್ಪಿತ್ತು. ಇದಕ್ಕೂ ನಮ್ಮ ಲೂಪಿಗೂ ಮೂಲ ಒಂದೇ ಸಂಖ್ಯೆ.

ಹೆಜ್ಜೆಗಳ ಎಣಿಕೆ ಸರಿ ಇದ್ದೂ, ಹೆಜ್ಜೆ ಅರ್ಧ ಮಾಡಿದಾಗ ಹಳೆಯ ತಪ್ಪಿಗೂ ಹೊಸ ತಪ್ಪಿಗೂ ಇರುವ ಅನುಪಾತ 16 ಬರುತ್ತಿಲ್ಲವಾದರೆ ಆ ಅನುಪಾತವೇ ತಪ್ಪಿನ ವಿಳಾಸ ಹೇಳುತ್ತದೆ. 4ರ ಹತ್ತಿರ ಬಂದರೆ ಕೆ3 ಲೆಕ್ಕದಲ್ಲಿ ಕೆ2ರ ಬದಲು ಕೆ1 ಬಳಸಿರಬಹುದು. ಕಾಪಿ-ಪೇಸ್ಟ್ ಮಾಡಿ ತಿದ್ದಲು ಮರೆತ ಸಾಲು. 2ರ ಹತ್ತಿರ ಬಂದರೆ, ಅದರಲ್ಲೂ ಜಾಗ-ವೇಗ ಎರಡೂ ಇರುವ ಲೆಕ್ಕದಲ್ಲಿ, ಜಾಗದ ನಾಲ್ಕೂ ಕೆಗಳನ್ನು ಮೊದಲೇ ಮುಗಿಸಿ ಆಮೇಲೆ ವೇಗದ ಕೆಗಳಿಗೆ ಬಂದಿದ್ದೀರಿ. ಆಗ ಜಾಗದ ನಾಲ್ಕೂ ಕೆ ಒಂದೇ ಆಗಿರುತ್ತವೆ, ಹೆಸರಿಗೆ ರುಂಗೆ-ಕುಟ್ಟಾ, ಒಳಗೆ ಆಯ್ಲರ್. ಎರಡರ ಕೆ1, ಆಮೇಲೆ ಎರಡರ ಕೆ2, ಹೀಗೆ ಜೊತೆಜೊತೆಯಾಗಿ ಹೋಗಬೇಕು. ಜಾಗ, ವೇಗ ಎರಡನ್ನೂ ಒಂದೇ ಅರೇಯಲ್ಲಿ ಇಟ್ಟರೆ ಈ ತಪ್ಪು ಮಾಡಲು ಬಯಸಿದರೂ ಆಗುವುದಿಲ್ಲ.

ಹೆಜ್ಜೆ ಸಣ್ಣದಾದಷ್ಟೂ ಉತ್ತರ ಕೆಡುತ್ತಿದೆ

ಹೆಜ್ಜೆ ಸಣ್ಣದಾದಷ್ಟೂ ಒಳ್ಳೆಯದು ಅನ್ನುವುದು ಒಂದು ಮಿತಿಯವರೆಗೆ ಮಾತ್ರ ನಿಜ. ಸಾಮಾನ್ಯ 64 ಬಿಟ್ ಸಂಖ್ಯೆಯಲ್ಲಿ 1ರ ಪಕ್ಕದ ಸಂಖ್ಯೆ ಇರುವುದು ಸುಮಾರು 2.2 × 10⁻¹⁶ ಆಚೆ. ಸೈನ್‌ನ ಡೆರಿವೇಟಿವ್ ಅನ್ನು 1ರಲ್ಲಿ ಲೆಕ್ಕ ಹಾಕಲು ಮುಂದಿನ ಬೆಲೆಯಿಂದ ಈಗಿನದನ್ನು ಕಳೆದು ಹೆಜ್ಜೆಯಿಂದ ಭಾಗಿಸುತ್ತೀರಿ. ಹೆಜ್ಜೆ 10⁻¹⁶ ಕೊಟ್ಟರೆ 1ಕ್ಕೆ ಅದನ್ನು ಕೂಡಿದರೂ 1 ಆಗೇ ಉಳಿಯುತ್ತದೆ. ಉತ್ತರ ಸೊನ್ನೆ. ಈ ಲೆಕ್ಕಕ್ಕೆ 10⁻⁸ರ ಆಸುಪಾಸು ಸರಿಯಾದ ಜಾಗ. ಮುಂದೊಂದು ಹಿಂದೊಂದು ಬೆಲೆ ತಗೊಳ್ಳುವ ಸೆಂಟ್ರಲ್ ಡಿಫರೆನ್ಸ್ ಆದರೆ 10⁻⁵ರ ಆಸುಪಾಸು ಸಾಕು, ಅದೂ ಹೆಚ್ಚು ನಿಖರ.

ಉತ್ತರ ಮೇಲೆ ಕೆಳಗೆ ಜಿಗಿಯುತ್ತಾ ಸ್ಫೋಟಿಸುತ್ತಿದೆ

1, −9, 81, −729. ಪ್ರತಿ ಹೆಜ್ಜೆಗೂ ಚಿಹ್ನೆ ಬದಲು, ಗಾತ್ರ ಒಂಬತ್ತು ಪಟ್ಟು. ಇಂಥದ್ದು ಕಂಡರೆ ಕೋಡ್ ಹುಡುಕಬೇಡಿ. ಇದು ಅಸ್ಥಿರತೆ. ವೈ ಬದಲಾವಣೆಯ ದರ −1000 ವೈ ಇದ್ದು, ಹೆಜ್ಜೆ 0.01 ಇಟ್ಟರೆ ಆಯ್ಲರ್ ಪ್ರತಿ ಸಲ 1 − 10, ಅಂದರೆ −9ರಿಂದ ಗುಣಿಸುತ್ತದೆ. ನಿಜವಾದ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಸೊನ್ನೆಗೆ ಇಳಿದಿರುತ್ತದೆ. ಹೆಜ್ಜೆ 0.002ಕ್ಕಿಂತ ಕಡಿಮೆ ಇದ್ದರೆ ಮಾತ್ರ ಆಯ್ಲರ್ ಬದುಕುತ್ತದೆ.

ರಾಸಾಯನಿಕ ಕ್ರಿಯೆಗಳ ಲೆಕ್ಕದಲ್ಲಿ ಇದು ದಿನನಿತ್ಯದ ಗೋಳು. ಒಂದು ಕ್ರಿಯೆ ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತದೆ, ಇನ್ನೊಂದಕ್ಕೆ ಗಂಟೆಗಳು ಬೇಕು. ಮುಗಿದುಹೋದ ಕ್ರಿಯೆಗೆ ಹೆದರಿ ಗಂಟೆಗಟ್ಟಲೆ ಮೈಕ್ರೋಸೆಕೆಂಡ್ ಹೆಜ್ಜೆ ಹಾಕಬೇಕು. ಇಂಥ ಸಮೀಕರಣಗಳನ್ನು ಸ್ಟಿಫ್ ಅನ್ನುತ್ತಾರೆ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಇಂಥ ಸಮೀಕರಣ ಬಿಡಿಸಲು ಇರುವ ಸಾಲ್ವ್-ಐವಿಪಿ ಬಳಸುತ್ತಿದ್ದರೆ ಅದರ ಡಿಫಾಲ್ಟ್ ವಿಧಾನ ಆರ್‌ಕೆ45 ಇದಕ್ಕಲ್ಲ. ರಾಡೋ ಅಥವಾ ಬಿಡಿಎಫ್ ಅಂತ ಬದಲಿಸಿ. ಪ್ರೋಗ್ರಾಂ ಆಮೆಗತಿಯಲ್ಲಿ ಓಡುತ್ತಿದ್ದರೂ ಮೊದಲು ಇದನ್ನೇ ಅನುಮಾನಿಸಿ. ಅಂದಹಾಗೆ ಅದೇ ಸಾಲ್ವ್-ಐವಿಪಿಯ ಡಿಫಾಲ್ಟ್ ಸಾಪೇಕ್ಷ ತಪ್ಪಿನ ಮಿತಿ 10⁻³. ಬಹಳ ಸಡಿಲ. ಕಕ್ಷೆಯ ಲೆಕ್ಕಕ್ಕೆ 10⁻⁸ ಆದರೂ ಕೊಡಿ.

ಬಿಸಿಯಾದ ಕಬ್ಬಿಣದ ಸರಳಿನ ಲೆಕ್ಕದಲ್ಲೂ ಇದೇ ರೋಗ, ರೂಪ ಬೇರೆ. ತಾಪದ ಗ್ರಾಫ್ ಗರಗಸದ ಹಲ್ಲಿನ ಹಾಗೆ ಎದ್ದು ಬೀಳುತ್ತದೆ. ಸಾದಾ ವಿಧಾನದಲ್ಲಿ ಕಾಲದ ಹೆಜ್ಜೆಯನ್ನು ಶಾಖ ಹರಡುವ ಗುಣಾಂಕದಿಂದ ಗುಣಿಸಿ, ದೂರದ ಹೆಜ್ಜೆಯ ವರ್ಗದಿಂದ ಭಾಗಿಸಿದರೆ ಅರ್ಧ ಮೀರಬಾರದು. ಕಬ್ಬಿಣಕ್ಕೆ ಆ ಗುಣಾಂಕ ಸೆಕೆಂಡಿಗೆ ಸುಮಾರು 2.3 × 10⁻⁵ ಚದರ ಮೀಟರ್. ಸರಳನ್ನು 1 ಸೆಂಟಿಮೀಟರ್ ತುಂಡು ಮಾಡಿದರೆ ಕಾಲದ ಹೆಜ್ಜೆ ಸುಮಾರು 2.2 ಸೆಕೆಂಡ್ ದಾಟಬಾರದು. ನಿಖರತೆಗೆ ಅಂತ ಅರ್ಧ ಸೆಂಟಿಮೀಟರ್ ಮಾಡಿದಿರೋ, ಮಿತಿ ಒಂದೇ ಏಟಿಗೆ 0.54 ಸೆಕೆಂಡಿಗೆ ಇಳಿಯುತ್ತದೆ. "ನಿನ್ನೆ ಓಡುತ್ತಿತ್ತು, ಗ್ರಿಡ್ ನುಣುಪು ಮಾಡಿದೆ, ಸ್ಫೋಟವಾಯ್ತು" ಅನ್ನುವವರೆಲ್ಲರ ಕಾರಣ ಇದೇ.

ಇದು ದೋಷವೇ ಅಲ್ಲದಿರಬಹುದು

ಹೆಜ್ಜೆ ಅರ್ಧ ಮಾಡಿದಾಗ ಶುರುವಿನಲ್ಲಿ ಎರಡೂ ಗ್ರಾಫ್ ಒಂದರ ಮೇಲೊಂದು ಕೂರುತ್ತವೆ. ಸ್ವಲ್ಪ ಹೊತ್ತಾದ ಮೇಲೆ ಬೇರೆಯಾಗಿ, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಹೋಗುತ್ತವೆ. ಮತ್ತೂ ಅರ್ಧ ಮಾಡಿದರೆ ಬೇರೆಯಾಗುವ ಕ್ಷಣ ಚೂರು ಮುಂದೆ ಹೋಗುತ್ತದೆ, ತಪ್ಪುವುದಿಲ್ಲ. ಜೋಡಿ ಲೋಲಕ, ಮೂರು ಕಾಯಗಳ ಲೆಕ್ಕ, ಹವಾಮಾನದ ಸಮೀಕರಣಗಳಲ್ಲಿ ಇದು ಮಾಮೂಲು. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಝ್ ತಮ್ಮ ಹವಾಮಾನದ ಲೆಕ್ಕವನ್ನು ನಡುವಿನಿಂದ ಮತ್ತೆ ಓಡಿಸಲು 0.506127ರ ಬದಲು ಪ್ರಿಂಟ್ ಆಗಿದ್ದ 0.506 ಕೊಟ್ಟರು. ಹವೆ ಪೂರ್ತಿ ಬೇರೆಯೇ ಆಯಿತು. ಯಂತ್ರ ಕೆಟ್ಟಿದೆ ಅಂತಲೇ ಅವರು ಮೊದಲು ಅನುಮಾನಿಸಿದ್ದು. ಈ ಗೊಂದಲದ ನಡವಳಿಕೆಯ ಮೇಲೆ ಅವರ ಪ್ರಬಂಧ ಬಂದದ್ದು 1963ರಲ್ಲಿ.

ಇಂಥ ವ್ಯವಸ್ಥೆಯಲ್ಲಿ ಕೋಡ್ ಸರಿಯಿದೆಯಾ ಅಂತ ತಿಳಿಯಲು ಬೇರೆಯಾಗುವ ಮುಂಚಿನ ಭಾಗದಲ್ಲೇ ಅನುಪಾತ ನೋಡಿ. ಅಲ್ಲಿ 2, 4 ಅಥವಾ 16 ಸಿಗಬೇಕು. ಜೋಡಿ ಲೋಲಕದಲ್ಲಿ ಘರ್ಷಣೆ ಇಲ್ಲದಿದ್ದರೆ ಒಟ್ಟು ಶಕ್ತಿ ಉಳಿಯುತ್ತಿದೆಯಾ ನೋಡಿ. ಆ ಮೇಲೆ ಬರುವ ಹಾದಿಯನ್ನು ಇನ್ನೊಬ್ಬರ ಗ್ರಾಫ್ ಜೊತೆ ಹೋಲಿಸಲು ಹೋಗಬೇಡಿ. ಸರಾಸರಿ ಎಷ್ಟು, ಎಷ್ಟು ದೂರ ಹರಡಿದೆ, ಯಾವ ಭಾಗದಲ್ಲಿ ಹೆಚ್ಚು ಹೊತ್ತು ಇರುತ್ತದೆ ಅನ್ನುವುದನ್ನು ಹೋಲಿಸಿ.